ಸೈಕಲ್ ಹೊತ್ತು ಓಡುವವರ ಚಳಿಗಾಲ

ಡಿಸೆಂಬರಿನ ಭಾನುವಾರ ಸಂಜೆ ಏಳೂವರೆಗೆ ಕೋಲಾರ ಜಿಲ್ಲೆಯ ಗೌನಿಪಲ್ಲಿಯಲ್ಲಿ ಮಂಕಿ ಕ್ಯಾಪು, ಮಫ್ಲರುಗಳು ಹೊರಬಂದಿರುತ್ತವೆ. ಅಳೆದು ನೋಡಿದರೆ ಹದಿನೆಂಟೋ ಇಪ್ಪತ್ತೋ ಡಿಗ್ರಿ ಇರುತ್ತದೆ, ನಮಗೆ ಅಷ್ಟೇ ಸಾಕು. ಅದೇ ಹೊತ್ತಿಗೆ ಬೆಲ್ಜಿಯಂನಲ್ಲಿ ಮಧ್ಯಾಹ್ನ ಮೂರು ಗಂಟೆ. ಎರಡೋ ಮೂರೋ ಡಿಗ್ರಿ ಚಳಿ, ಮೇಲೆ ಜಿನುಗುವ ಮಳೆ. ಊರಾಚೆಯ ಹುಲ್ಲುಗಾವಲಿನ ಅಂಚಿನಲ್ಲಿ ಮೂವತ್ತು ನಲವತ್ತು ಮಂದಿ ಸೈಕಲ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ಇನ್ನೇನು ಶುರು ಎನ್ನುವಾಗ ದಪ್ಪ ಜಾಕೆಟ್ಟು, ಪ್ಯಾಂಟು ಕಳಚಿ ಸಹಾಯಕರ ಕೈಗೆ ಎಸೆಯುತ್ತಾರೆ. ಉಳಿಯುವುದು ಮೈಗಂಟಿದ ತೆಳು ಬಟ್ಟೆ ಒಂದೇ. ಹಸಿರು ದೀಪ ಹತ್ತಿದ್ದೇ ತಡ, ಮೊದಲ ತಿರುವನ್ನು ಎಲ್ಲರಿಗಿಂತ ಮುಂಚೆ ಹಿಡಿಯಬೇಕೆಂದು ಜೀವ ಬಿಟ್ಟು ತುಳಿಯುತ್ತಾರೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಯಾರ ಅಂಗಿಯ ಬಣ್ಣ ಯಾವುದೆಂದು ಗುರುತು ಹತ್ತುವುದಿಲ್ಲ.

ಇದರ ಹೆಸರು ಸೈಕ್ಲೋಕ್ರಾಸ್. ಮೊಬೈಲಿನಲ್ಲಿ ಇದರ ವಿಡಿಯೊ ತೋರಿಸಿದರೆ ನಮ್ಮ ಕಡೆಯ ಪಂಕ್ಚರ್ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಒಂದೇ: “ಅಷ್ಟು ದುಡ್ಡಿನ ಸೈಕಲ್ಲು ಇಟ್ಕೊಂಡು ಹೊತ್ಕೊಂಡು ಓಡ್ತಾರಲ್ಲಣ್ಣ, ಯಾಕೆ?”

ಪ್ರಶ್ನೆ ಸರಿಯಾಗಿಯೇ ಇದೆ. ಈ ಆಟದಲ್ಲಿ ರೇಸಿನ ದಾರಿಯನ್ನು ಹಾಕುವುದೇ ಸೈಕಲ್ಲಿಂದ ಇಳಿಸುವುದಕ್ಕೆ. ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತು; ಅದರಲ್ಲಿ ಹುಲ್ಲು, ಕೆಸರು, ಮರಳು, ಕಡಿದಾದ ದಿಬ್ಬ, ಮೆಟ್ಟಿಲು, ಮರದ ಬೇರು, ಜೊತೆಗೆ ಅಡ್ಡಲಾಗಿ ನೆಟ್ಟ ಹಲಗೆ. ಹಲಗೆಯ ಎತ್ತರ ಗರಿಷ್ಠ 40 ಸೆಂಟಿಮೀಟರ್. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದ ಪ್ರಕಾರ ದಾರಿಯ ಶೇ. 90ರಷ್ಟು ಭಾಗ ತುಳಿದು ಹೋಗುವಂತಿರಬೇಕು. ಆದರೆ ಅದು ಕಾಗದದ ಮಾತು. ಜೋರು ಮಳೆ ಬಿದ್ದ ದಿನ ಎಷ್ಟು ಭಾಗ ತುಳಿಯಬಹುದು ಎನ್ನುವುದನ್ನು ನೆಲವೇ ತೀರ್ಮಾನಿಸುತ್ತದೆ. ಪುರುಷರ ರೇಸು ಸುಮಾರು ಒಂದು ಗಂಟೆ, ಮಹಿಳೆಯರದು ಅದಕ್ಕಿಂತ ತುಸು ಕಡಿಮೆ. ಎಷ್ಟು ಸುತ್ತು ಎಂದು ಮೊದಲೇ ಹೇಳುವುದಿಲ್ಲ. ಆರಂಭದ ಸುತ್ತುಗಳಿಗೆ ಹಿಡಿದ ಹೊತ್ತನ್ನು ನೋಡಿ ಗಂಟೆಗೆ ಸರಿಹೊಂದುವಷ್ಟು ಸುತ್ತುಗಳನ್ನು ಅಧಿಕಾರಿಗಳು ಗೊತ್ತು ಮಾಡುತ್ತಾರೆ. ಕೆಸರು ಹೆಚ್ಚಾದರೆ ಸುತ್ತು ಕಡಿಮೆ. ತೀರಾ ಹಿಂದೆ ಬಿದ್ದವರನ್ನು, ಮುಂದಿನವರು ಬಂದು ದಾಟುವ ಮೊದಲೇ ಹೊರಗೆ ಕರೆದುಬಿಡುತ್ತಾರೆ. ಊರಿನ ಮಟ್ಟದ ರೇಸುಗಳಲ್ಲಿ ಈ ವಿಷಯದಲ್ಲಿ ಸ್ವಲ್ಪ ಕನಿಕರ ಇರುತ್ತದೆ.

ಇಳಿಯುವುದಕ್ಕೂ ಹೊರುವುದಕ್ಕೂ ಒಂದು ವಿದ್ಯೆ ಇದೆ. ಬಲಗಾಲನ್ನು ಸೀಟಿನ ಮೇಲಿಂದ ಹಿಂದಕ್ಕೆ ಬೀಸಿ ಎಡಕ್ಕೆ ತಂದು, ಚೈನು ಇಲ್ಲದ ಕಡೆ, ಓಡುತ್ತಲೇ ಇಳಿಯಬೇಕು. ಮೇಲಿನ ಅಡ್ಡಪಟ್ಟಿ ಬಲ ಹೆಗಲ ಮೇಲೆ ಕೂರಬೇಕು. ಬಲಗೈ ಕೆಳಗಿನ ಪಟ್ಟಿಯ ಅಡಿಯಿಂದ ತೂರಿ ಹ್ಯಾಂಡಲಿನ ಎಡತುದಿಯನ್ನು ಹಿಡಿಯಬೇಕು. ಆಗ ಮುಂದಿನ ಚಕ್ರ ಅತ್ತಿತ್ತ ತಿರುಗಿ ಮುಖಕ್ಕೆ ಬಡಿಯುವುದಿಲ್ಲ, ಎಡಗೈ ಬೀಸಲು ಖಾಲಿ ಸಿಗುತ್ತದೆ. ದಿಬ್ಬ ಹತ್ತಿದ ಮೇಲೆ ಸೈಕಲ್ ಇಳಿಸಿ, ತೊಡೆಯ ಒಳಭಾಗ ಸೀಟಿಗೆ ತಾಕುವಂತೆ ಹಾರಿ ಜಾರಿ ಕೂರಬೇಕು. ನೋಡುವುದಕ್ಕೆ ಸಲೀಸು. ಅಭ್ಯಾಸ ಇಲ್ಲದವರು ಮಾಡಿದರೆ ಆಮೇಲೆ ಎರಡು ದಿನ ಕೂರಲಿಕ್ಕಾಗುವುದಿಲ್ಲ, ಅಷ್ಟೇ ಹೇಳಬಲ್ಲೆ.

ಆಟ ಹುಟ್ಟಿದ್ದು ಫ್ರಾನ್ಸಿನಲ್ಲಿ. ಡೇನಿಯಲ್ ಗುಸೋ ಎಂಬ ಸೈನಿಕ ತನ್ನ ಗೆಳೆಯರೊಂದಿಗೆ ಕಾಡಿನಲ್ಲಿ ಸೈಕಲ್ ಓಡಿಸುತ್ತಿದ್ದ. 1902ರಲ್ಲಿ ಅಲ್ಲಿನ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿದವನೂ ಅವನೇ. ರಸ್ತೆ ಓಟದವರು ಚಳಿಗಾಲದಲ್ಲಿ ಮೈ ಕಟ್ಟು ಬಿಡಬಾರದು, ಒಂದು ಗಂಟೆಯಲ್ಲಿ ಮೈ ಬಿಸಿಯಾಗಬೇಕು ಎನ್ನುವುದು ಮೊದಲ ಲೆಕ್ಕ. ಒಕ್ತಾವ್ ಲಾಪಿಜ್ 1910ರ ಟೂರ್ ಡಿ ಫ್ರಾನ್ಸ್ ಗೆದ್ದಾಗ ಅದಕ್ಕೆ ಚಳಿಗಾಲದ ಈ ತಾಲೀಮೇ ಕಾರಣ ಎಂದು ಹೇಳಿಕೊಂಡ ಮೇಲೆ ಇದಕ್ಕೆ ಬೆಲೆ ಬಂತು. ಆ ಕಾಲದ ಇನ್ನೊಬ್ಬ, ಯುಜೀನ್ ಕ್ರಿಸ್ತೋಫ್. ಸೈಕ್ಲೋಕ್ರಾಸ್‌ನಲ್ಲಿ ಮತ್ತೆ ಮತ್ತೆ ಫ್ರಾನ್ಸಿನ ಚಾಂಪಿಯನ್ ಆದವನು. 1913ರ ಟೂರ್‌ನಲ್ಲಿ ಪಿರಿನೀಸ್ ಪರ್ವತದ ತೂರ್ಮಾಲೆ ಘಾಟಿ ಇಳಿಯುವಾಗ ಅವನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಆಗಿನ ನಿಯಮದಂತೆ ರಿಪೇರಿಯನ್ನು ಓಟಗಾರನೇ ಮಾಡಿಕೊಳ್ಳಬೇಕು. ಸೈಕಲ್ಲನ್ನು ಹೊತ್ತು ಹತ್ತು ಕಿಲೋಮೀಟರಿಗೂ ಮೀರಿದ ಇಳಿಜಾರನ್ನು ನಡೆದು ಸೆಂಟ್ ಮರಿ ದ ಕಾಂಪಾ ಎಂಬ ಹಳ್ಳಿಗೆ ಬಂದು, ಅಲ್ಲಿನ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕ್ ಕೂಡಿಸಿದ. ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ತಿದಿ ಒತ್ತಲು ಒಬ್ಬ ಹುಡುಗನ ನೆರವು ಪಡೆದನೆಂದು ದಂಡವಾಗಿ ಅವನ ಹೊತ್ತಿಗೆ ನಿಮಿಷಗಳನ್ನು ಸೇರಿಸಿದರು! ರೇಸು ಅವನ ಕೈ ತಪ್ಪಿತು. ರಸ್ತೆ ಓಟದ ಕಥೆಯಾದರೂ ಇದನ್ನು ಸೈಕ್ಲೋಕ್ರಾಸ್‌ನವರು ತಮ್ಮದೆಂದೇ ಹೇಳಿಕೊಳ್ಳುತ್ತಾರೆ. ಹೊತ್ತು ನಡೆಯುವ ಹೆಗಲು ಅವನಿಗೆ ಬಂದದ್ದು ಇಲ್ಲಿಂದ ತಾನೆ.

ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು, ಗೆದ್ದವನು ಜಾನ್ ರೋಬಿಕ್. ಮಹಿಳೆಯರಿಗೆ ಆ ಅವಕಾಶ ಸಿಗಲು 2000ನೇ ಇಸವಿ ಬರಬೇಕಾಯಿತು. ತಡವಾಗಿ ಬಂದರೂ ಅವರಲ್ಲೇ ಈ ಆಟದ ದೊಡ್ಡ ದಾಖಲೆಗಳಲ್ಲೊಂದು ಇದೆ: ನೆದರ್‌ಲೆಂಡ್ಸಿನ ಮರಿಯಾನ ವೋಸ್ 2006ರಿಂದ 2022ರವರೆಗಿನ ಅವಧಿಯಲ್ಲಿ ಎಂಟು ಬಾರಿ ವಿಶ್ವ ಚಾಂಪಿಯನ್. ಪುರುಷರಲ್ಲಿ ಬೆಲ್ಜಿಯಂನ ಎರಿಕ್ ದ ವ್ಲಾಮಿಂಕ್ 1966ರಿಂದ 1973ರೊಳಗೆ ಏಳು ಬಾರಿ ಗೆದ್ದ. ಅವನನ್ನು ಸರಿಗಟ್ಟಲು ನೆದರ್‌ಲೆಂಡ್ಸಿನ ಮಾಥ್ಯೂ ವಾನ್ ಡರ್ ಪೂಲ್ 2025ರವರೆಗೆ ಕಾಯಬೇಕಾಯಿತು.

ಇಷ್ಟು ಹೇಳಿದ ಮೇಲೆ ನೆಲಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಆಟದ ನಿಜವಾದ ವಿಷಯ ಚಳಿಯೂ ಅಲ್ಲ, ಸೈಕಲ್ಲೂ ಅಲ್ಲ. ಮಣ್ಣಿಗೆ ನೀರು ಬಿದ್ದಾಗ ಏನಾಗುತ್ತದೆ ಎನ್ನುವುದು. ಆ ವಿಷಯದಲ್ಲಿ ಕೆರೆಗಳ ಜಿಲ್ಲೆಯ ನಮಗೆ ಬೆಲ್ಜಿಯಂನ ಫ್ಲಾಂಡರ್ಸಿನವರು ಹೊಸದಾಗಿ ಕಲಿಸುವುದು ಹೆಚ್ಚೇನಿಲ್ಲ.

ಕೆಸರು ಎಂದರೆ ಎಲ್ಲ ಒಂದೇ ಎಂದು ತಿಳಿಯುವವರು ಕೆರೆಯ ಅಂಗಳದಲ್ಲಿ ನಡೆದಿರುವುದಿಲ್ಲ. ಕೋಲಾರದ ಹೊಲಗಳ ಕೆಮ್ಮಣ್ಣಿನಲ್ಲಿ ಮರಳಿನ ಅಂಶ ಹೆಚ್ಚು. ಮಳೆ ನಿಂತ ಕೆಲವೇ ಗಂಟೆಗಳಲ್ಲಿ ನೀರು ಬಸಿದು ಕಾಲಿಟ್ಟರೆ ಗಟ್ಟಿ ಎನ್ನಿಸುತ್ತದೆ. ಅದೇ ಕೆರೆಯ ಗೋಡಿಗೆ ಬನ್ನಿ. ನೂರಾರು ವರ್ಷ ನೀರಿನೊಂದಿಗೆ ಹರಿದು ಬಂದ ಅತಿ ನುಣುಪಾದ ಜೇಡಿ ಕಣಗಳು ಅಲ್ಲಿ ತಳಕ್ಕೆ ಕೂತಿರುತ್ತವೆ. ಈ ಕಣಗಳು ತೆಳು ಹಾಳೆಗಳ ಆಕಾರದವು, ನಡುವೆ ನೀರನ್ನು ಹಿಡಿದಿಟ್ಟುಕೊಂಡು ಒಂದಕ್ಕೊಂದು, ಸಿಕ್ಕಿದ್ದಕ್ಕೆಲ್ಲ ಅಂಟುತ್ತವೆ. ಸ್ವೀಡನ್ನಿನ ಆಲ್ಬರ್ಟ್ ಆಟರ್‌ಬರ್ಗ್ ಎಂಬ ವಿಜ್ಞಾನಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಣ್ಣಿನ ಈ ಸ್ವಭಾವಕ್ಕೆ ಗಡಿ ಗೆರೆಗಳನ್ನು ಗುರುತಿಸಿದ. ಇಷ್ಟು ನೀರಿಗಿಂತ ಕಡಿಮೆಯಾದರೆ ಮಣ್ಣು ಪುಡಿಯಾಗುತ್ತದೆ, ಇಷ್ಟಕ್ಕಿಂತ ಹೆಚ್ಚಾದರೆ ಹರಿಯುತ್ತದೆ, ನಡುವೆ ಮೆತ್ತಗೆ, ಹಿಡಿದ ಆಕಾರದಲ್ಲಿ ನಿಲ್ಲುತ್ತದೆ. ಮುದ್ದೆ ತಿರುವುವ ಮನೆಯವರಿಗೆ ಈ ಗೆರೆಗಳು ಗೊತ್ತು: ಹಿಟ್ಟು ನೀರಾದರೆ ಅಂಬಲಿ, ಬಿರುಸಾದರೆ ಗಂಟು, ಎರಡರ ನಡುವಿನ ಹದದಲ್ಲೇ ಅದು ಕೋಲಿಗೆ ಮೆತ್ತಿಕೊಂಡು ತೋಳಿನ ಶಕ್ತಿಯನ್ನೆಲ್ಲ ಹೀರುವುದು.

ಸೈಕ್ಲೋಕ್ರಾಸ್‌ನವರು ಹೆದರುವುದೂ ಆ ನಡುವಿನ ಹದಕ್ಕೇ. ಧೋ ಎಂದು ಮಳೆ ಸುರಿಯುತ್ತಿರುವಾಗ ಕೆಸರು ತೆಳ್ಳಗಿರುತ್ತದೆ. ಚಕ್ರ ಸೀಳಿಕೊಂಡು ಹೋಗುತ್ತದೆ, ಮೆತ್ತಿದ್ದೂ ತೊಳೆದುಹೋಗುತ್ತದೆ. ಮಳೆ ನಿಂತು, ಸಣ್ಣ ಗಾಳಿ ಬೀಸಿ, ಅರ್ಧ ಒಣಗಿದಾಗ ಶುರುವಾಗುತ್ತದೆ ಪಜೀತಿ. ಒಂದೊಂದು ಸುತ್ತಿಗೂ ಟೈರು ಮಣ್ಣನ್ನು ಎತ್ತಿಕೊಂಡು ಫೋರ್ಕಿನ ಸಂದಿಗೆ, ಬ್ರೇಕಿಗೆ, ಗಿಯರಿನ ಹಲ್ಲುಗಳಿಗೆ ತುಂಬುತ್ತದೆ. ಹುಲ್ಲು ಸೇರಿಕೊಂಡರಂತೂ ಗೋಡೆ ಮೆತ್ತಲು ಕಲಸಿದ ಮಣ್ಣೇ ಸಿದ್ಧವಾದಂತೆ. ಎಂಟು ಕಿಲೋ ಆಸುಪಾಸಿನ ಸೈಕಲ್ಲು ಕಿಲೋಗಳ ಲೆಕ್ಕದಲ್ಲಿ ತೂಕ ಏರಿಸಿಕೊಳ್ಳುತ್ತದೆ. ಚಕ್ರ ತಿರುಗುವುದೇ ನಿಲ್ಲುತ್ತದೆ. ನಮ್ಮ ಕಡೆ ಕೆರೆ ಏರಿಯ ಕೆಳಗಿನ ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟವರು ಇದನ್ನು ಅನುಭವಿಸಿದ್ದಾರೆ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಕಚ್ಚಿಕೊಂಡಾಗ ಬೇಲಿಯಿಂದ ಒಂದು ಕಡ್ಡಿ ಮುರಿದು, ಬಗ್ಗಿ, ಸುತ್ತ ಕೆರೆದು ತೆಗೆಯಬೇಕು. ನಾಲ್ಕು ಹೆಜ್ಜೆ ಹೋದರೆ ಮತ್ತೆ ಅದೇ. ಕೊನೆಗೆ ಮಡ್‌ಗಾರ್ಡನ್ನೇ ಬಿಚ್ಚಿ ಮನೆಯಲ್ಲಿ ಎಸೆದು ಬಂದವರಿದ್ದಾರೆ. ಸೈಕ್ಲೋಕ್ರಾಸ್ ಸೈಕಲ್ಲಿಗೆ ಮೊದಲಿಂದಲೂ ಮಡ್‌ಗಾರ್ಡ್ ಇಲ್ಲ, ಫೋರ್ಕಿನ ಸಂದಿ ಅಗಲ. 2010ರಲ್ಲಿ ಡಿಸ್ಕ್ ಬ್ರೇಕಿಗೆ ಅನುಮತಿ ಸಿಕ್ಕ ಮೇಲೆ ರಿಮ್ಮಿನ ಬಳಿ ಮಣ್ಣು ಕಟ್ಟಿಕೊಳ್ಳುವ ಕಾಟವೂ ಅರ್ಧ ತಪ್ಪಿತು.

ಮೇಲ್ಮಟ್ಟದವರು ಕಡ್ಡಿ ಹುಡುಕುವುದಿಲ್ಲ, ಸೈಕಲ್ಲನ್ನೇ ಬದಲಾಯಿಸುತ್ತಾರೆ. ದಾರಿ ಪಕ್ಕದಲ್ಲಿ ‘ಪಿಟ್’ ಎಂಬ ಜಾಗವಿರುತ್ತದೆ, ಒಂದು ಸುತ್ತಿನಲ್ಲಿ ಎರಡು ಬಾರಿ ಅದರ ಪಕ್ಕ ಹಾದು ಹೋಗುವಂತೆ ದಾರಿ ಹಾಕಿರುತ್ತಾರೆ. ಮೆತ್ತಿಕೊಂಡ ಸೈಕಲ್ಲನ್ನು ಒಬ್ಬ ಮೆಕ್ಯಾನಿಕ್ಕಿನ ಕೈಗೆ ಬಿಟ್ಟು, ಓಡುತ್ತ, ಇನ್ನೊಬ್ಬ ಹಿಡಿದು ನಿಂತ ತೊಳೆದ ಸೈಕಲ್ಲನ್ನು ಕಸಿದು ಹತ್ತಬೇಕು. ಮೂರು ನಾಲ್ಕು ನಿಮಿಷದಲ್ಲಿ ಆತ ಮತ್ತೆ ಬಂದೇ ಬರುತ್ತಾನೆ. ಅಷ್ಟರೊಳಗೆ ಪ್ರೆಷರ್ ವಾಷರ್‌ನಿಂದ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಓಡಿ ಬಂದು ನಿಲ್ಲಬೇಕು. ಕ್ಯಾಮೆರಾ ತೋರಿಸದ ಇನ್ನೊಂದು ರೇಸು ಅಲ್ಲಿ ನಡೆಯುತ್ತಿರುತ್ತದೆ. ಬೆಲ್ಜಿಯಂನಲ್ಲಿ ಎಷ್ಟೋ ಓಟಗಾರರಿಗೆ ಆ ಕೆಲಸಕ್ಕೆ ನಿಲ್ಲುವವರು ಅಪ್ಪ, ಮಾವ, ಅಣ್ಣಂದಿರೇ.

ಕೆಸರಾದ ಮೇಲೆ ಮರಳು. ಉತ್ತರ ಸಮುದ್ರದ ದಂಡೆಯ ಕೊಕ್ಸೈಡೆಯಲ್ಲಿ ರೇಸು ಮರಳಿನ ದಿಬ್ಬಗಳ ಮೇಲೆ ನಡೆಯುತ್ತದೆ. 2012ರ ವಿಶ್ವ ಚಾಂಪಿಯನ್‌ಷಿಪ್ ಅಲ್ಲಿ ನಡೆದಾಗ ಪುರುಷರ ವಿಭಾಗದ ಮೊದಲ ಏಳು ಸ್ಥಾನವೂ ಬೆಲ್ಜಿಯಂನವರ ಪಾಲಾಯಿತು. ನೀಲ್ಸ್ ಆಲ್ಬರ್ಟ್ ಗೆದ್ದ. ಮರಳಿನಲ್ಲಿ ಹ್ಯಾಂಡಲ್ ತಿರುಗಿಸಿದರೆ ಬಿದ್ದಂತೆಯೇ. ಮೈಭಾರ ಹಿಂದಕ್ಕೆ ಹಾಕಿ, ಮುಂದಿನವರ ಚಕ್ರ ಕೊರೆದ ಗೆರೆಯಲ್ಲೇ ಚಕ್ರ ಬಿಟ್ಟು, ಭಾರದ ಗಿಯರಿನಲ್ಲಿ ನಿಲ್ಲಿಸದೆ ತುಳಿಯಬೇಕು. ಕೋಲಾರದ ಪಾಲಾರ್ ಪಾತ್ರದಲ್ಲೂ ಹಳ್ಳಗಳಲ್ಲೂ ಇದನ್ನು ಚೆನ್ನಾಗಿ ಕಲಿಯಬಹುದಿತ್ತು. ಮರಳು ಉಳಿದಿದ್ದರೆ!

ಹಿಮ ಬಿದ್ದರೆ ಅದು ಕಷ್ಟದ ತುದಿ ಎಂದು ನಾವು ದೂರದಿಂದ ಅಂದುಕೊಳ್ಳುತ್ತೇವೆ. ಓಟಗಾರರನ್ನು ಹೆಚ್ಚು ಕಾಡುವುದು ಹೆಪ್ಪುಗಟ್ಟಿದ ಕೆಸರು. ಹಿಂದಿನ ದಿನ ನೂರಾರು ಚಕ್ರಗಳು ಕೊರೆದ ಹಳ್ಳಗಳು ರಾತ್ರಿಯ ಚಳಿಗೆ ಕಲ್ಲಾಗುತ್ತವೆ. ಮುಂದಿನ ಚಕ್ರ ಅದರೊಳಗೆ ಬಿದ್ದರೆ ಹೊರಗೆ ಬರುವುದಿಲ್ಲ, ಸವಾರ ಬರುತ್ತಾನೆ. 2010ರಲ್ಲಿ ಚೆಕ್ ಗಣರಾಜ್ಯದ ತಾಬೋರ್‌ನಲ್ಲಿ ಇಂಥ ಹಿಮದ ನೆಲದ ಮೇಲೇ ಆ ದೇಶದವನೇ ಆದ ಸ್ಡೆನೆಕ್ ಶ್ಟಿಬರ್ ಗೆದ್ದ. 2017ರಲ್ಲಿ ಲಕ್ಸೆಂಬರ್ಗಿನ ಬೀಲ್ಸ್‌ನಲ್ಲಿ ಇನ್ನೊಂದು ಬಗೆ. ಹೆಪ್ಪುಗಟ್ಟಿದ ನೆಲ ಮೇಲೆ ಮೇಲೆ ಕರಗಿ ಜಾರತೊಡಗಿತು, ಕೆಳಗಿನ ಚೂಪು ಕಲ್ಲುಗಳು ತಲೆ ಎತ್ತಿದವು. ಮುಂದಿದ್ದ ವಾನ್ ಡರ್ ಪೂಲ್ ಪಂಕ್ಚರಿನ ಮೇಲೆ ಪಂಕ್ಚರ್ ಆಗಿ ಸೋತ, ವೌಟ್ ವಾನ್ ಆರ್ಟ್ ಗೆದ್ದ. ಆ ರೇಸು ನೋಡಿದಾಗ ನನಗೆ ಬೆಲ್ಜಿಯಂಗಿಂತ ಶ್ರೀನಿವಾಸಪುರ ತಾಲ್ಲೂಕಿನ ನೆಲ ಹೆಚ್ಚು ನೆನಪಾಯಿತು. ಹಿಮ ಬಿಟ್ಟರೆ ಉಳಿದ ಕಲ್ಲೆಲ್ಲ ನಮ್ಮವೇ.

ಪಂಕ್ಚರಿನ ಮಾತು ಬಂದರೆ ಗಾಳಿಯ ಲೆಕ್ಕ ಹೇಳಲೇಬೇಕು. ಅಂತರರಾಷ್ಟ್ರೀಯ ರೇಸುಗಳಲ್ಲಿ ಟೈರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ, ಮೊಳೆ ಬಡಿದ ಟೈರು ಬಳಸುವಂತಿಲ್ಲ. ಎಲ್ಲರಿಗೂ ಅಗಲ ಒಂದೇ ಆದಾಗ ಗೆಲ್ಲಿಸುವುದು ಒಳಗಿನ ಗಾಳಿ. ಕಾರಿನ ಟೈರಿಗೆ ನಾವು 30-33 ಪಿಎಸ್‌ಐ ಹಾಕಿಸುತ್ತೇವೆ. ಕೆಸರಿನ ದಿನ ಸೈಕ್ಲೋಕ್ರಾಸ್‌ನವರು ಅದರ ಅರ್ಧ ಮುಕ್ಕಾಲಿಗೆ, 15ರಿಂದ 22ರವರೆಗೆ ಇಳಿಸುತ್ತಾರೆ. ಗಾಳಿ ಕಡಿಮೆಯಾದಷ್ಟೂ ಟೈರು ನೆಲಕ್ಕೆ ಹರಡಿಕೊಂಡು ಹಿಡಿತ ಹೆಚ್ಚುತ್ತದೆ. ತೀರಾ ಕಡಿಮೆಯಾದರೆ ಬೇರಿಗೋ ಕಲ್ಲಿಗೋ ಬಡಿದಾಗ ರಿಮ್ಮು ನೆಲ ಮುಟ್ಟಿ ಟೈರು ಹರಿಯುತ್ತದೆ. ಈ ಎರಡರ ನಡುವಿನ ದಾರಿ ಕೂದಲೆಳೆಯಷ್ಟು. ರೇಸಿಗೆ ಮುಂಚೆ ದಾರಿ ನೋಡಿ ಬಂದು ಗೇಜಿನಲ್ಲಿ ಒಂದೊಂದೇ ಪಿಎಸ್‌ಐ ಇಳಿಸುತ್ತ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುವವರನ್ನು ಕಂಡರೆ ನಮ್ಮ ಪಂಕ್ಚರ್ ಅಂಗಡಿಯವರು ಒಂದು ಕ್ಷಣದಲ್ಲಿ ಆಪ್ತರಾಗುತ್ತಾರೆ. ಅವರೂ ಮಾಡುವುದು ಅದನ್ನೇ, ಗೇಜು ಇಲ್ಲದೆ.

ನಮ್ಮ ನೆಲದಲ್ಲಿ ಕಲ್ಲಿಗಿಂತ ದೊಡ್ಡ ಶತ್ರು ನೆಗ್ಗಿಲು ಮುಳ್ಳು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುವ ಮುಳ್ಳು ಅದು. ಅಮೆರಿಕದ ಪಶ್ಚಿಮ ರಾಜ್ಯಗಳಿಗೂ ಇದೇ ಗಿಡ ಹೊರಗಿನಿಂದ ಹೋಗಿ ಸೇರಿ, ಅಲ್ಲಿನ ಸೈಕಲ್ ಸವಾರರಿಗೆ ಶಾಪವಾಗಿದೆ. ಕೆರೆ ಅಂಗಳದ ಬಳ್ಳಾರಿ ಜಾಲಿ ಇದಕ್ಕೂ ಒಂದು ಕೈ ಮೇಲು, ಬೂಟಿನ ಅಡಿಯನ್ನೇ ತೂರುತ್ತದೆ. ಟ್ಯೂಬ್ ಇಲ್ಲದ ಟೈರಿನೊಳಗೆ ಹಾಲಿನಂಥ ಅಂಟುದ್ರವ ಹಾಕುವ ಪದ್ಧತಿ ಬಂದ ಮೇಲೆ ಸಣ್ಣ ತೂತುಗಳು ಓಡುತ್ತಿರುವಾಗಲೇ ಮುಚ್ಚಿಕೊಳ್ಳುತ್ತವೆ. ಜಾಲಿಗೆ ಅದೂ ಸಾಲದು.

ಚಳಿಯನ್ನು ತೀರಾ ಕಡೆಗಣಿಸಿದಂತಾಯಿತು. ಅದು ಮಾಡುವ ಕೆಲಸ ವಿಚಿತ್ರ. ತುಳಿಯುವವನ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಶಾಖವಾಗಿಯೇ ಹೊರಬರುತ್ತದೆ, ಕಾಲುಭಾಗವಷ್ಟೇ ಚಕ್ರಕ್ಕೆ. ಆದ್ದರಿಂದ ರೇಸು ನಡೆಯುವಷ್ಟು ಹೊತ್ತು ಒಡಲಿಗೆ ಚಳಿಯಿಲ್ಲ. ದಪ್ಪ ಬಟ್ಟೆ ಹಾಕಿದರೆ ಬೆವರಿ ಒದ್ದೆಯಾಗಿ ಇನ್ನೂ ಕೆಡುಕು. ಸಾಯುವುದು ಬೆರಳುಗಳು. ಮರಗಟ್ಟಿದ ಬೆರಳಿಗೆ ಬ್ರೇಕು ಎಷ್ಟು ಒತ್ತಿದೆ ಎನ್ನುವುದು ತಿಳಿಯುವುದಿಲ್ಲ, ಇಳಿಜಾರಿನಲ್ಲಿ ಅದು ತಿಳಿಯಲೇಬೇಕು. ಕಾಲಿಗೆ ಮೆಣಸಿನಕಾಯಿಯ ಖಾರದ ಅಂಶ ಇರುವ ಮುಲಾಮು ಬಳಿದುಕೊಂಡು ಬರುತ್ತಾರೆ. ಬಳಿದ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ಏನಾಗುತ್ತದೆ ಎಂದು ನಮ್ಮ ಮೆಣಸಿನ ಮಂಡಿಯವರಿಗೆ ವಿವರಿಸಬೇಕಿಲ್ಲ. ಜೋರು ಓಟದಲ್ಲಿ ಎದೆ ನಿಮಿಷಕ್ಕೆ ನೂರು ಲೀಟರಿಗೂ ಮೀರಿ ಗಾಳಿ ಎಳೆಯುತ್ತದೆ. ಅಷ್ಟು ಶೀತಗಾಳಿ ಶ್ವಾಸನಾಳದ ಪಸೆಯನ್ನು ಒಣಗಿಸಿಬಿಡುವುದರಿಂದ ರೇಸು ಮುಗಿದ ಮೇಲೂ ಕೆಮ್ಮು ಬಿಡುವುದಿಲ್ಲ. ಮುಗಿದ ಐದನೇ ನಿಮಿಷಕ್ಕೆ ಒದ್ದೆ ಬಟ್ಟೆ ಬದಲಿಸದಿದ್ದರೆ ನಡುಕ ಹತ್ತಿ ಗುಂಡಿ ಬಿಚ್ಚಲೂ ಕೈ ಬರುವುದಿಲ್ಲ.

ಒಂದು ರೇಸು ಹೀಗಾದರೆ, ಸೀಸನ್ ಎಂದರೆ ಇದನ್ನೇ ಅಕ್ಟೋಬರಿನಿಂದ ಫೆಬ್ರುವರಿವರೆಗೆ ವಾರ ವಾರ ಮಾಡುವುದು. ವಿಶ್ವಕಪ್ ಒಂದು ಸರಣಿ, 1982ರಲ್ಲಿ ಶುರುವಾದ ಸೂಪರ್‌ಪ್ರೆಸ್ಟೀಜ್ ಇನ್ನೊಂದು, ಬಾತ್‌ರೂಮ್ ಸಾಮಾನಿನ ಕಂಪನಿಯೊಂದು ಪ್ರಾಯೋಜಿಸುವ ಸರಣಿ ಮತ್ತೊಂದು. ಕೆಸರಿನ ಆಟಕ್ಕೆ ಅದಕ್ಕಿಂತ ತಕ್ಕ ಪ್ರಾಯೋಜಕ ಸಿಗಲಾರ. ಕ್ರಿಸ್‌ಮಸ್ ರಜೆಯಲ್ಲಂತೂ ಹೆಚ್ಚುಕಡಿಮೆ ದಿನ ಬಿಟ್ಟು ದಿನ ರೇಸು. ಹೊಸ ವರ್ಷದ ಮೊದಲ ದಿನವೂ ಬಾಲ್ ಎಂಬ ಹಳ್ಳಿಯಲ್ಲಿ, ಆ ಊರಿನವನೇ ಆದ, ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಸ್ವೆನ್ ನೈಸ್ ಹೆಸರಿನಲ್ಲಿ. ಜನ ಟಿಕೆಟ್ ಕೊಂಡು, ಮೊಣಕಾಲವರೆಗೆ ಬೂಟು ಹಾಕಿ, ಮೂರು ತಲೆಮಾರು ಒಟ್ಟಿಗೆ ಬರುತ್ತಾರೆ. ಸುತ್ತು ಚಿಕ್ಕದಾದ್ದರಿಂದ ನಿಂತಲ್ಲೇ ನಿಂತರೂ ಓಟಗಾರ ಏಳೆಂಟು ಬಾರಿ ಕಣ್ಣ ಮುಂದೆ ಹಾಯುತ್ತಾನೆ. ರಸ್ತೆ ರೇಸಿನಲ್ಲಿ ಗಂಟೆಗಟ್ಟಲೆ ಕಾದು ಅರ್ಧ ನಿಮಿಷ ನೋಡುವ ಕಷ್ಟ ಇಲ್ಲಿಲ್ಲ. ಜಾತ್ರೆಗೆ ಹೊಂದುವ ಆಟ.

ಟಿವಿಯಲ್ಲಿ ವಾನ್ ಡರ್ ಪೂಲ್, ವಾನ್ ಆರ್ಟ್ ಕಾಣುವುದು ಡಿಸೆಂಬರಿನಿಂದ ಮುಂದಿನ ಕೆಲವೇ ವಾರ. ರಸ್ತೆ ರೇಸಿನ ಕೋಟ್ಯಧೀಶರು ಅವರು, ಬೇಕಾದ ರೇಸು ಆರಿಸಿಕೊಂಡು ಓಡುತ್ತಾರೆ. ನನಗೆ ಹೆಚ್ಚು ಗೌರವ ಇರುವುದು ಇಡೀ ಚಳಿಗಾಲ ಮೂವತ್ತನೇ ಸ್ಥಾನಕ್ಕೆ ಓಡುವವರ ಮೇಲೆ. ಅವರಿಗಿಂತಲೂ ಹೆಚ್ಚು, ಕೆಲಸಕ್ಕೆ ಹೋಗುತ್ತ ವಾರಾಂತ್ಯದಲ್ಲಿ ಒಂದೇ ಸೈಕಲ್ಲಿನಲ್ಲಿ ಓಡುವ ಹವ್ಯಾಸಿಗಳ ಮೇಲೆ. ಕೆಸರಿನ ಸಾಹಸದ ಫೋಟೊಗಳು ಭಾನುವಾರದವು. ಕಷ್ಟ ಇರುವುದು ಸೋಮವಾರ. ರಾತ್ರಿ ಎಂಟಕ್ಕೆ ಅಂಗಳದಲ್ಲಿ ಕೊರೆಯುವ ನೀರಿನಲ್ಲಿ ಸೈಕಲ್ ತೊಳೆಯಬೇಕು. ಬೂಟಿನೊಳಗೆ ಹಳೆ ಪೇಪರು ತುರುಕಿ, ನೆನೆದ ಪೇಪರು ತೆಗೆದು ಮತ್ತೆ ತುರುಕಬೇಕು. ಮರಳು ಬೆರೆತ ಕೆಸರು ಒಂದೇ ರೇಸಿನಲ್ಲಿ ಬ್ರೇಕ್ ಪ್ಯಾಡನ್ನು ತಿಂದು ಮುಗಿಸುತ್ತದೆ, ಬೇರಿಂಗಿಗೆ ನೀರು ಇಳಿದರೆ ಅದೂ ಹೋಯಿತು. ಸೀಸನ್ನಿನ ಕೊನೆಗೆ ಉಳಿಯುವವರು ಗಟ್ಟಿ ಕಾಲಿನವರಿರಬಹುದು, ಆದರೆ ಸೋಮವಾರದ ಸೋಮಾರಿಗಳಂತೂ ಅಲ್ಲ.

ಕರ್ನಾಟಕದಲ್ಲಿ ಸೈಕಲ್ ರೇಸಿನ ಬೇರು ಇರುವುದು ಉತ್ತರದಲ್ಲಿ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ದಶಕಗಳಿಂದ ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಿದ್ದಾರೆ. ಅಲ್ಲಿನ ಕ್ರೀಡಾ ವಸತಿ ನಿಲಯಗಳು, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ ಇವರನ್ನು ಬೆಳೆಸಿವೆ. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ಮಾತ್ರ ವರ್ಷಗಟ್ಟಲೆ ಕುಂಟುತ್ತ ಸಾಗಿತು. ಬೆಂಗಳೂರಿನ ಕಡೆಯಿಂದ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ರೋಡ್ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ವರೆಗೆ ಹೋದರು, ಬೆಲ್ಜಿಯಂನ ಊರಹಬ್ಬದ ರೇಸುಗಳಲ್ಲೂ ತುಳಿದು ಬಂದರು. ಡಿಸೆಂಬರಿನಲ್ಲಿ ನೀಲಗಿರಿ ಹತ್ತುವ ‘ಟೂರ್ ಆಫ್ ನೀಲಗಿರೀಸ್’ 2008ರಿಂದ ನಡೆದುಬಂದಿದೆ. ಸೈಕ್ಲೋಕ್ರಾಸ್‌ಗೆ ನಮ್ಮಲ್ಲಿ ಹತ್ತಿರದ ನೆಂಟ ಮೌಂಟನ್ ಬೈಕ್; ಅದರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಗದಗ ಒಮ್ಮೆ ಆತಿಥ್ಯ ವಹಿಸಿತ್ತು, ಬೆಂಗಳೂರಿನವರಿಗೆ ತುರಹಳ್ಳಿ ಕಾಡಿನ ದಾರಿಗಳಿವೆ. ಕೋಲಾರಕ್ಕೆ ಭಾನುವಾರ ಬೆಳಗ್ಗೆ ಬರುವ ಬೆಂಗಳೂರಿನ ಸವಾರರು ಹೆದ್ದಾರಿಯಲ್ಲಿ ಬಂದು, ಇಡ್ಲಿ ತಿಂದು, ಹೆದ್ದಾರಿಯಲ್ಲೇ ವಾಪಸಾಗುತ್ತಾರೆ. ಒಂದು ಕಿಲೋಮೀಟರ್ ಪಕ್ಕಕ್ಕೆ ತಿರುಗಿದ್ದರೆ ಕೆರೆ ಅಂಗಳ ಸಿಗುತ್ತಿತ್ತು.

ಗೌನಿಪಲ್ಲಿಯಂಥ ಗಡಿ ಊರುಗಳಿಗೆ ಸೈಕಲ್ಲೇನೂ ಅಪರೂಪವಲ್ಲ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು ಕೋವಿಡ್ ಬರುವವರೆಗೂ ವರ್ಷ ವರ್ಷ ಬಂದವು. ಅವುಗಳಲ್ಲಿ ಎಷ್ಟೋ ಇವತ್ತು ಹುಲ್ಲಿನ ಹೊರೆ ಹೊರುತ್ತಿವೆ. ಕೋಡಿ ಹರಿಯುವ ವರ್ಷ ಶಾಲೆಗೆ ಹೋಗುವ ಮಕ್ಕಳು ಬ್ಯಾಗು ಬೆನ್ನಿಗೆ, ಸೈಕಲ್ಲು ಹೆಗಲಿಗೆ ಹಾಕಿ ನೀರು ದಾಟುವುದನ್ನು ನಾವು ಕಂಡಿದ್ದೇವೆ. ಅದಕ್ಕೆ ಯಾರೂ ಪದಕ ಕೊಟ್ಟಿಲ್ಲ.

ನಮ್ಮ ಕ್ಯಾಲೆಂಡರ್ ಬೇರೆ ಇರಬೇಕು. ಕೋಲಾರ ಜಿಲ್ಲೆಯ ವರ್ಷದ ಮಳೆ ಏಳುನೂರು ಚಿಲ್ಲರೆ ಮಿಲಿಮೀಟರ್, ಅದರ ಜೋರು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಬಾಲ ನವೆಂಬರಿನವರೆಗೂ ಎಳೆಯುತ್ತದೆ. ಸಂಕ್ರಾಂತಿ ಕಳೆಯುವ ಹೊತ್ತಿಗೆ ನೆಲ ಒಣಗಿ, ಗಟ್ಟಿ ನೆಲದ ಮೇಲೆ ಗರಸು ಉದುರಿ, ತಿರುವಿನಲ್ಲಿ ಚಕ್ರ ಜಾರುತ್ತದೆ. ಅದೂ ಒಂದು ಕಷ್ಟವೇ, ಸೊಗಸಿಲ್ಲದ ಕಷ್ಟ. ಹಾಗಾಗಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಮ್ಮ ಸೀಸನ್. ದಾರಿ ಹೀಗೆ ಹಾಕಬಹುದು: ಮಾವಿನ ತೋಪಿನಲ್ಲಿ ಶುರು, ಬೇರುಗಳ ನಡುವೆ ಎರಡು ತಿರುವು, ಕೊಯ್ಲಾದ ರಾಗಿ ಹೊಲದ ಕೂಳೆಯ ಮೇಲೆ ನೇರ ಓಟ, ಹಾಸುಬಂಡೆಯ ಮೇಲೊಂದು ಇಳಿಕೆ, ಅಂಗಳದ ಗೋಡಿನಲ್ಲಿ ಇನ್ನೂರು ಮೀಟರು, ಕೊನೆಗೆ ಸೈಕಲ್ ಹೊತ್ತು ಕೆರೆ ಏರಿ ಹತ್ತುವುದು. ಅಡ್ಡಹಲಗೆಗೆ ಟೊಮೆಟೊ ಕ್ರೇಟು ಇಡೋಣ ಎನ್ನುವ ಆಸೆ ಬರುತ್ತದೆ, ಎತ್ತರವೂ ಸರಿಹೊಂದುತ್ತದೆ. ಬೇಡ. ಸಂದಿಗಳಲ್ಲಿ ಚಕ್ರ ಸಿಕ್ಕಿಕೊಂಡರೆ ಮುಖ ಒಡೆಯುತ್ತದೆ, ಹಲಗೆಯೇ ಇರಲಿ. ತೊಳೆಯಲು ಔಷಧಿ ಹೊಡೆಯುವ ಪವರ್ ಸ್ಪ್ರೇಯರು ಪ್ರತಿ ತೋಟದಲ್ಲೂ ಇದೆ. ಸ್ಥಳೀಯ ರೇಸಿಗೆ 33 ಮಿಲಿಮೀಟರಿನ ನಿಯಮ ಬೇಕಿಲ್ಲ, ಮೌಂಟನ್ ಬೈಕೂ ಬರಲಿ, ಸರ್ಕಾರಿ ಸೈಕಲ್ಲಿಗೆ ಒಂದು ಬೇರೆ ವಿಭಾಗವೇ ಇರಲಿ.

ಇನ್ನು ಅನುಮತಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯಿತಿಯದು. ಆದ್ದರಿಂದ ಚಿಕ್ಕ ಕೆರೆ ಹುಡುಕುವುದು ಜಾಣತನ. ಕುರಿ ಮೇಯಿಸುವವರನ್ನು ಮೊದಲೇ ಕೇಳಬೇಕು, ಜಾಲಿ ಎಲ್ಲಿ ದಟ್ಟ ಎಂದು ಅವರಿಗೇ ಗೊತ್ತು. ಇದಿಷ್ಟೂ ಆದ ಮೇಲೆ ಉಳಿಯುವ ಅಪಾಯ ಒಂದೇ, ನೀರು. 2013ರಲ್ಲಿ ಯುರೋಪಿನ ಹೊರಗೆ ಮೊದಲ ಬಾರಿ ವಿಶ್ವ ಚಾಂಪಿಯನ್‌ಷಿಪ್ ಅಮೆರಿಕದ ಲೂಯಿವಿಲ್‌ನಲ್ಲಿ ನಡೆದಾಗ ಓಹಾಯೊ ನದಿ ಉಕ್ಕಿ ಬರುತ್ತಿದೆಯೆಂದು ಎರಡು ದಿನದ ರೇಸುಗಳನ್ನೆಲ್ಲ ಒಂದೇ ದಿನಕ್ಕೆ ತುರುಕಿ ಮುಗಿಸಿದರು. ಸಂಘಟಕರು ತಲೆ ಮೇಲೆ ಕೈ ಹೊತ್ತಿದ್ದರು. 2021ರ ನವೆಂಬರಿನಲ್ಲಿ ಸುರಿದಂಥ ಮಳೆ ಮತ್ತೆ ಬಂದು ರೇಸಿನ ಹಿಂದಿನ ರಾತ್ರಿ ನಮ್ಮ ಕೆರೆ ಕೋಡಿ ಬಿದ್ದರೆ, ದಾರಿಯೆಲ್ಲ ಮುಳುಗಿದರೂ ಗೌನಿಪಲ್ಲಿ ಸೀಮೆಯಲ್ಲಿ ಒಬ್ಬರೂ ಬೇಸರಪಡುವುದಿಲ್ಲ. ರೇಸು ರದ್ದು ಮಾಡಿ ಎಲ್ಲರೂ ಕೋಡಿ ನೋಡಲು ಹೋಗುತ್ತಾರೆ, ಓಟಗಾರರೂ ಸೇರಿ.